ಡ್ರಾ ಆದ್ರೂ ಮೋಹನ್ ಬಾಗಾನ್‌ಗೆ ಕಪ್ ಸಿಕ್ಕಿದ್ದು ಹೇಗೆ? ಇಲ್ಲಿದೆ ಲೆಕ್ಕ

2015ರ ಐ-ಲೀಗ್ ಫುಟ್‌ಬಾಲ್‌ನಲ್ಲಿ ಫೈನಲ್ ಅಂತ ಬೇರೆ ಪಂದ್ಯ ಇರಲಿಲ್ಲ. 20 ಪಂದ್ಯಗಳ ಅಂಕ ಕೂಡಿದಾಗ ಯಾರದ್ದು ಹೆಚ್ಚೋ ಅವರಿಗೆ ಕಪ್. ಗೆದ್ದರೆ 3, ಡ್ರಾ ಆದ್ರೆ 1, ಸೋತರೆ ಸೊನ್ನೆ.

ಮೇ 31, ಕೊನೆಯ ದಿನ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಎದುರುಬದುರಾದವರೇ ಮೊದಲೆರಡು ಸ್ಥಾನದವರು. ಕೋಲ್ಕತ್ತದ ಮೋಹನ್ ಬಾಗಾನ್ 38, ಹಿಂದಿನ ಸಲದ ಚಾಂಪಿಯನ್ ಬೆಂಗಳೂರು ಎಫ್‌ಸಿ 36. ಬೆಂಗಳೂರು ಗೆದ್ದರೆ 39 ಆಗಿ ಕಪ್ ಇಲ್ಲೇ ಉಳೀತಿತ್ತು. ಬಾಗಾನ್‌ಗೆ ಡ್ರಾ ಸಾಕಿತ್ತು.

41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಬೆಂಗಳೂರೇ ಮುಂದೆ. ಆದ್ರೆ 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಗೋಲಿಗೆ ನುಗ್ಗಿಸಿದರು. 1-1.

ಕೊನೆಗೆ ಬಾಗಾನ್ 39, ಬೆಂಗಳೂರು 37. ನಮ್ಮವರು ಆ ದಿನ ಸೋಲಲಿಲ್ಲ, ಕಪ್ ಮಾತ್ರ ಹೋಯ್ತು.