ಬರಿಗೈಯ ಯಾತ್ರಿಕರು

ಪರದೇಶ ನೋಡಹೊರಟವರು ಮೊದಲು ಹಣದ ಚೀಲವನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಸತೀಶ್ ಕುಮಾರ್, ಇ. ಪಿ. ಮೆನನ್ ಎಂಬ ಗೆಳೆಯರಿಬ್ಬರು ಆ ಚೀಲವನ್ನೇ ತೊರೆದು ಯೂರೋಪನ್ನು ನಡೆದು ದಾಟಿದರು.

ಅಣ್ವಸ್ತ್ರವನ್ನು ವಿರೋಧಿಸಿ ಎಂಬತ್ತೊಂಬತ್ತರ ಬರ್ಟ್ರಂಡ್ ರಸೆಲ್ ಸೆರೆಮನೆ ಸೇರಿದ ಸುದ್ದಿಯನ್ನು ೧೯೬೧ರಲ್ಲಿ ಬೆಂಗಳೂರಿನ ಕಾಫಿ ಹೋಟೆಲೊಂದರಲ್ಲಿ ಓದಿದ ಈ ತರುಣರಿಗೆ ಸುಮ್ಮನಿರಲಾಗಲಿಲ್ಲ. ಹಣವಿದ್ದರೆ ವಸತಿಗೃಹ ಸೇರುವಿರಿ, ಇಲ್ಲದಿದ್ದರೆ ಮನುಷ್ಯರ ಕದ ತಟ್ಟುವಿರಿ ಎಂಬುದು ವಿನೋಬಾರ ಉಪದೇಶ. ೧೯೬೨ರಲ್ಲಿ ದಿಲ್ಲಿಯಿಂದ ಬರಿಗೈಯಲ್ಲಿ ಹೊರಟರು.

ಕಪ್ಪುಸಮುದ್ರದ ಸಮೀಪ ಚಹಾ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ನಾಲ್ಕು ಪೊಟ್ಟಣ ಚಹಾ ಕೊಟ್ಟಳು: ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನಿನ ನಾಯಕರಿಗೆ ಒಂದೊಂದು. ಅಣುಬಾಂಬಿನ ಗುಂಡಿ ಒತ್ತುವ ಮುನ್ನ ಒಂದು ಬಟ್ಟಲು ಕುಡಿದು ಯೋಚಿಸಲಿ ಎಂದಳು. ಪ್ಯಾರಿಸ್ಸಿನಲ್ಲಿ ಸೆರೆವಾಸವಾಯಿತು, ಬ್ರಿಟನ್ನಿನಲ್ಲಿ ರಸೆಲರ ದರ್ಶನವಾಯಿತು. ಕಾಸಿಲ್ಲದ ಅವರ ಜೋಳಿಗೆಯಲ್ಲಿ ಆ ಚಹಾ ಕೊನೆಯ ರಾಜಧಾನಿಯವರೆಗೂ ಹೋಯಿತು.