ಗೇರ್ ನಾಬ್ ಬದಲಿಸುವ ಮುನ್ನ ಅಳತೆ ನೋಡಿ

ಕಾರು ಓಡಿಸುವವರ ಕೈ ಅತಿ ಹೆಚ್ಚು ಮುಟ್ಟುವ ಭಾಗಗಳು ಎರಡು. ಒಂದು ಸ್ಟೀರಿಂಗ್, ಇನ್ನೊಂದು ಗೇರ್ ಲಿವರ್‌ನ ತುದಿಯಲ್ಲಿರುವ ಗುಂಡು, ಅಂದರೆ ಗೇರ್ ನಾಬ್. ಎಂಜಿನ್, ಟಯರ್, ಮೈಲೇಜ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾಬ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅದು ಕೈಯಲ್ಲಿ ಅಲುಗಾಡುವವರೆಗೆ.

ಕಳೆದ ಬೇಸಿಗೆ ರಜೆಯಲ್ಲಿ ನಾನು ಶಾರ್ಜಾದಲ್ಲಿರುವ ಮಾಮನ ಮನೆಗೆ ಹೋಗಿದ್ದೆ. ಅವರ ಬಳಿ ಮಜ್ದಾ ಎಂಎಕ್ಸ್-5 ಎಂಬ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದೆ. ಅದರ ನಾಬ್ ಬದಲಿಸುವ ಕೆಲಸವನ್ನು ಅವರು ನನಗೆ ಒಪ್ಪಿಸಿದರು. ಹತ್ತು ನಿಮಿಷದ ಕೆಲಸ ಎನ್ನುತ್ತಾರೆ, ನಿಜವೂ ಹೌದು. ಆದರೆ ಆ ಹತ್ತು ನಿಮಿಷಕ್ಕೆ ಮೊದಲು ಏನನ್ನು ತಿಳಿದಿರಬೇಕು ಎಂಬುದೇ ಇಲ್ಲಿನ ಮುಖ್ಯ ವಿಷಯ. ಪ್ರಥಮ ಪಿಯುಸಿ ಭೌತಶಾಸ್ತ್ರದ ಮೂರು ನಾಲ್ಕು ಪಾಠಗಳು ಈ ಒಂದು ಗುಂಡಿನಲ್ಲಿವೆ.

ಯಾವ ಕಾರು, ಯಾಕೆ ಸವೆಯಿತು

ಎಂಎಕ್ಸ್-5 ಮೊದಲು ಪ್ರದರ್ಶನಗೊಂಡದ್ದು 1989ರ ಫೆಬ್ರವರಿಯಲ್ಲಿ, ಅಮೆರಿಕದ ಷಿಕಾಗೊ ಆಟೊ ಶೋದಲ್ಲಿ. ಅದರ ಮೊದಲ ತಲೆಮಾರು 1997ರವರೆಗೆ ತಯಾರಾಯಿತು. ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೇಳುವ ಹೆಡ್‌ಲೈಟುಗಳು, ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಛಾವಣಿ, ಒಂದು ಟನ್ನಿನ ಆಸುಪಾಸಿನ ಹಗುರ ತೂಕ. ಈ ಕಾರು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ದಾಖಲೆಗೆ ಸೇರಿದೆ. 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು.

ಇದನ್ನು ರೂಪಿಸಿದವರು ‘ಜಿನ್ಬಾ ಇತ್ತಾಯ್’ ಎಂಬ ಜಪಾನಿ ಮಾತನ್ನು ಗುರಿಯಾಗಿ ಇಟ್ಟುಕೊಂಡಿದ್ದರು. ಕುದುರೆಯೂ ಸವಾರನೂ ಒಂದೇ ಆಗಬೇಕು ಎಂದು ಅದರ ಅರ್ಥ. ಗೇರ್ ಲಿವರ್‌ನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಗೇರ್ ಬಾಕ್ಸ್ ಬಾನೆಟ್ ಕೆಳಗೆ ಇರುತ್ತದೆ. ಲಿವರ್‌ನಿಂದ ಅಲ್ಲಿಗೆ ಕೇಬಲ್ ಅಥವಾ ಸರಳುಗಳ ಮೂಲಕ ಸಂಪರ್ಕ. ಎಂಎಕ್ಸ್-5ರಲ್ಲಿ ಎಂಜಿನ್ ಮುಂದೆ, ಆದರೆ ತಿರುಗುವುದು ಹಿಂದಿನ ಚಕ್ರಗಳು. ಗೇರ್ ಬಾಕ್ಸ್ ನೇರವಾಗಿ ಲಿವರ್‌ನ ಬುಡದಲ್ಲೇ ಇದೆ. ಲಿವರ್ ಅದರೊಳಗೇ ಇಳಿಯುತ್ತದೆ. ಹಾಗಾಗಿ ಒಳಗಿನ ಪ್ರತಿ ಹಲ್ಲಿನ ಚಲನೆಯೂ ಅಂಗೈಗೆ ತಿಳಿಯುತ್ತದೆ. ಮಾಮನ ಕಾರು ಎಡಬದಿ ಸ್ಟೀರಿಂಗಿನದು, ಆದ್ದರಿಂದ ಅಲ್ಲಿ ಗೇರ್ ಹಾಕುವುದು ಬಲಗೈಯಲ್ಲಿ.

ಅವರ ಕಾರಿನ ನಾಬ್ ಚರ್ಮದ ಹೊದಿಕೆಯದು. ಕೈಯ ಬೆವರಿನ ಉಪ್ಪು ಮತ್ತು ಎಣ್ಣೆ ವರ್ಷಗಟ್ಟಲೆ ಚರ್ಮದೊಳಗೆ ಇಳಿಯುತ್ತವೆ. ಛಾವಣಿ ತೆರೆದ ಕಾರಿನಲ್ಲಿ ಬಿಸಿಲು ನೇರವಾಗಿ ಬೀಳುತ್ತದೆ. ನೇರಳಾತೀತ ಕಿರಣಗಳು ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತವೆ, ಹೊಲಿಗೆಯ ನೂಲನ್ನು ಕೊಳೆಸುತ್ತವೆ. ಉಂಗುರ ಹಾಕಿದ ಕೈಯಾದರೆ ಒಂದೇ ಜಾಗ ಇನ್ನಷ್ಟು ಬೇಗ ಸವೆಯುತ್ತದೆ. ಮೇಲಿನ ಚರ್ಮ ಹೋದರೆ ಅದು ಅಂದದ ಪ್ರಶ್ನೆ ಮಾತ್ರ. ಆದರೆ ಎರಡು ಲಕ್ಷಣಗಳು ಕಂಡರೆ ತಡಮಾಡಬಾರದು. ಒಂದು, 1ರಿಂದ 5 ಮತ್ತು ರಿವರ್ಸ್ ತೋರಿಸುವ ನಕ್ಷೆ ಅಳಿಸಿಹೋಗುವುದು. ಹೊಸದಾಗಿ ಕಲಿಯುವವರು ಆ ಕಾರು ಓಡಿಸುವುದಾದರೆ ಇದು ಅಪಾಯ. ಎರಡು, ಒಳಗಿನ ಥ್ರೆಡ್ ಸವೆದು ನಾಬ್ ತಾನಾಗಿ ತಿರುಗುವುದು. ಲಾರಿಯೊಂದನ್ನು ದಾಟುವ ಹೊತ್ತಿನಲ್ಲಿ ಗೇರ್ ಇಳಿಸಲು ಹೋದಾಗ ಗುಂಡು ಕೈಗೆ ಬಂದು ಲಿವರ್ ಅಲ್ಲೇ ಉಳಿದರೆ ಏನಾದೀತು, ಯೋಚಿಸಿ. ಮಾಮನ ಕಾರಿನಲ್ಲಿ ಎರಡೂ ಲಕ್ಷಣಗಳಿದ್ದವು.

ಎಲ್ಲಕ್ಕಿಂತ ಮೊದಲು ಥ್ರೆಡ್

ಲಿವರ್‌ನ ತುದಿ ಒಂದು ಬೋಲ್ಟಿನಂತಿರುತ್ತದೆ. ನಾಬ್ ಅದರ ಮೇಲೆ ತಿರುಗಿ ಕೂರುವ ನಟ್. ಎರಡೂ ಹೊಂದಬೇಕಾದರೆ ಎರಡು ಅಳತೆ ಸರಿಯಿರಬೇಕು: ವ್ಯಾಸ ಮತ್ತು ಪಿಚ್. ಪಿಚ್ ಎಂದರೆ ಒಂದು ಗೆರೆಯಿಂದ ಪಕ್ಕದ ಗೆರೆಗೆ ಇರುವ ದೂರ, ಅಂದರೆ ಒಂದು ಪೂರ್ತಿ ಸುತ್ತಿಗೆ ನಾಬ್ ಎಷ್ಟು ಕೆಳಗಿಳಿಯುತ್ತದೆ ಎಂಬುದು. ಸ್ಕ್ರೂ ಗೇಜ್ ಪ್ರಯೋಗ ಮಾಡಿದವರಿಗೆ ಈ ಪದ ಹೊಸದಲ್ಲ.

ಎಂಎಕ್ಸ್-5ರ ಲಿವರ್ ಎಂ10×1.25. ಅಂದರೆ ವ್ಯಾಸ 10 ಮಿ.ಮೀ., ಪಿಚ್ 1.25 ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ 10 ಮಿ.ಮೀ. ಬೋಲ್ಟ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು 1.5 ಪಿಚ್‌ನದು. ಹೋಂಡಾದ ಅನೇಕ ಕಾರುಗಳ ನಾಬ್ ಕೂಡ ಎಂ10×1.5. ಟೊಯೊಟಾದ ಅನೇಕ ಕಾರುಗಳದ್ದು ಎಂ12×1.25. ನೋಡಲು ಎಲ್ಲವೂ ಒಂದೇ ರೀತಿ.

1.5ರ ನಾಬನ್ನು 1.25ರ ಲಿವರ್‌ಗೆ ಹಾಕಿದರೆ ಪ್ರತಿ ಸುತ್ತಿಗೆ ಕಾಲು ಮಿ.ಮೀ. ವ್ಯತ್ಯಾಸ ಸೇರುತ್ತಾ ಹೋಗುತ್ತದೆ. ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು, ಚೆನ್ನಾಗಿ ಕೂತಿತು ಎಂದುಕೊಂಡು ಬಲ ಹಾಕಿದರೆ ಎರಡರಲ್ಲಿ ಮೆತ್ತಗಿನ ಲೋಹ ಕತ್ತರಿಸಿಹೋಗುತ್ತದೆ. ನಾಬಿನೊಳಗೆ ಗಟ್ಟಿ ಉಕ್ಕಿನ ಥ್ರೆಡ್ ಇದ್ದರೆ ಹಾಳಾಗುವುದು ಲಿವರ್. ನಾಬ್ ಕಡಿಮೆ ಬೆಲೆಯದು, ಎಲ್ಲಿಯೂ ಸಿಗುತ್ತದೆ. ಲಿವರ್ ಬದಲಿಸಬೇಕಾದರೆ ನಡುವಿನ ಕನ್ಸೋಲ್ ಬಿಚ್ಚಿ, ರಬ್ಬರ್ ಹೊದಿಕೆಗಳನ್ನು ತೆಗೆದು ಗೇರ್ ಬಾಕ್ಸ್‌ನ ಬಾಯಿಯವರೆಗೆ ಹೋಗಬೇಕು. ಸಣ್ಣ ಭಾಗದಲ್ಲಿ ಆದ ಅವಸರಕ್ಕೆ ದೊಡ್ಡ ಭಾಗ ದಂಡ ಕಟ್ಟುತ್ತದೆ.

ಅಳೆಯುವುದು ಕಷ್ಟವಲ್ಲ. ಹಳೆ ನಾಬ್ ತೆಗೆದ ಮೇಲೆ ಲಿವರ್‌ನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ನೋಡಿ. 10 ಮಿ.ಮೀ.ಗಿಂತ ಕೂದಲೆಳೆ ಕಡಿಮೆ ಬಂದರೆ ಸರಿ. ಆಮೇಲೆ ಒಂದೇ ಪಿಚ್ ಅಳೆಯಲು ಹೋಗಬೇಡಿ, ಹತ್ತು ಪಿಚ್‌ಗಳ ಉದ್ದ ಅಳೆಯಿರಿ. 12.5 ಮಿ.ಮೀ. ಬಂದರೆ 1.25, 15 ಬಂದರೆ 1.5. ಅಷ್ಟು ವ್ಯತ್ಯಾಸ ಶಾಲೆಯ ಸ್ಕೇಲಿನಲ್ಲೂ ಕಾಣುತ್ತದೆ. ಹೆಚ್ಚು ಗೆರೆಗಳನ್ನು ಒಟ್ಟಿಗೆ ಅಳೆದು ಭಾಗಿಸಿದರೆ ದೋಷ ಕಡಿಮೆಯಾಗುತ್ತದೆ ಎಂದು ಲ್ಯಾಬಿನಲ್ಲಿ ಕಲಿಸಿದ್ದು ಇದಕ್ಕೇ. ಅಂಗಡಿಗೆ ಹೋಗುವಾಗ ಕಾರು ಒಯ್ಯಬೇಕಾಗಿಲ್ಲ, ಒಂದು ಎಂ10×1.25 ಬೋಲ್ಟ್ ಜೇಬಿನಲ್ಲಿಟ್ಟುಕೊಂಡರೆ ಸಾಕು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಬಿಡಿಭಾಗಗಳ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿ ನಾನು ನಾಬ್ ಹಿಡಿದು ಬೋಲ್ಟನ್ನು ಬೆರಳಿನಿಂದ ತಿರುಗಿಸಿ ನೋಡುತ್ತಿದ್ದೆ. ಕೊನೆಯವರೆಗೆ ಸಲೀಸಾಗಿ ಹೋದದ್ದು ಮಾತ್ರ ನಮ್ಮದು.

‘ಎಲ್ಲ ಕಾರಿಗೂ ಆಗುತ್ತದೆ’ ಎಂದು ಮಾರುವ ನಾಬ್‌ಗಳೂ ಇವೆ. ಅವುಗಳಲ್ಲಿ ಥ್ರೆಡ್ ಇರುವುದಿಲ್ಲ. ಪ್ಲಾಸ್ಟಿಕ್ ಕೊಳವೆಯೊಂದನ್ನು ತೂರಿಸಿ ಬದಿಯಿಂದ ಸಣ್ಣ ಸ್ಕ್ರೂಗಳಿಂದ ಒತ್ತಿ ಹಿಡಿಸುತ್ತಾರೆ. ಕಂಪನಕ್ಕೆ ಆ ಸ್ಕ್ರೂಗಳು ಸಡಿಲವಾಗಬಹುದು, ಅವುಗಳ ಮೊನೆ ಲಿವರ್‌ನ ಥ್ರೆಡ್ಡನ್ನು ಗೀರಬಹುದು. ಥ್ರೆಡ್ ಸರಿಯಿರುವ ಲಿವರ್‌ಗೆ ಅದು ಬೇಡ.

ತೂಕ, ಎತ್ತರ, ಬಿಸಿ

ಥ್ರೆಡ್ ಹೊಂದಿದ ಮೇಲೆ ಉಳಿಯುವುದು ಆಯ್ಕೆ. ಇಲ್ಲಿ ಮೂರು ವಿಷಯ ನೋಡಬೇಕು.

ಮೊದಲನೆಯದು ಎತ್ತರ. ಲಿವರ್ ಒಂದು ಸನ್ನೆಕೋಲು. ಲೆಕ್ಕಕ್ಕಾಗಿ ಆನಿಕೆ ಬಿಂದುವಿನಿಂದ ನಾಬ್‌ವರೆಗೆ 20 ಸೆ.ಮೀ. ಎಂದಿಟ್ಟುಕೊಳ್ಳಿ. 2 ಸೆ.ಮೀ. ಗಿಡ್ಡನೆಯ ನಾಬ್ ಹಾಕಿದರೆ ಕೈ ಚಲಿಸುವ ದೂರ 10 ಶೇಕಡಾ ಕಡಿಮೆಯಾಗುತ್ತದೆ. ಗೇರ್ ಚುರುಕಾಗಿ ಬಿದ್ದಂತೆ ಅನಿಸುತ್ತದೆ. ಆದರೆ ಅದೇ ಟಾರ್ಕ್ ಬೇಕಾದ್ದರಿಂದ ಹಾಕಬೇಕಾದ ಬಲ ಸುಮಾರು 11 ಶೇಕಡಾ ಹೆಚ್ಚುತ್ತದೆ. ಯಾವುದೂ ಪುಕ್ಕಟೆ ಸಿಗುವುದಿಲ್ಲ.

ಎರಡನೆಯದು ತೂಕ. ಭಾರದ ನಾಬ್ ಹಾಕಿದರೆ ಗೇರ್ ‘ಬೆಣ್ಣೆಯಂತೆ’ ಬೀಳುತ್ತದೆ ಎನ್ನುತ್ತಾರೆ. ಅದಕ್ಕೆ ಕಾರಣ ಜಡತ್ವ. 100 ಗ್ರಾಂ ಬದಲು 300 ಗ್ರಾಂ ಇಟ್ಟರೆ ಅದೇ ಎತ್ತರದಲ್ಲಿ ನಾಬಿನ ಜಡತ್ವ ಮೂರು ಪಟ್ಟು. ಒಮ್ಮೆ ಚಲಿಸಿದ ಗುಂಡು ತನ್ನ ಸಂವೇಗದಿಂದಲೇ ಸಣ್ಣಪುಟ್ಟ ತಡೆಗಳನ್ನು ದಾಟುತ್ತದೆ. ಆದರೆ ಒಂದು ಎಚ್ಚರಿಕೆ. ಗೇರ್ ಹಾಕುವಾಗ ಕರಕರ ಸದ್ದು ಬರುತ್ತಿದ್ದರೆ ದೋಷ ಕ್ಲಚ್‌ನಲ್ಲೋ, ಆಯಿಲ್‌ನಲ್ಲೋ, ಗೇರ್ ಬಾಕ್ಸ್‌ನ ಒಳಗೋ ಇರುತ್ತದೆ. ಭಾರದ ನಾಬ್ ಅದನ್ನು ಕೈಗೆ ತಿಳಿಯದಂತೆ ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಜ್ವರ ಇರುವಾಗ ಥರ್ಮಾಮೀಟರ್ ಬದಲಿಸಿದ ಹಾಗೆ.

ಮೂರನೆಯದು ಬಿಸಿ. ಮಾಮನಿಗೆ ಹೊಳೆಯುವ ಅಲ್ಯೂಮಿನಿಯಂ ಗುಂಡಿನ ಮೇಲೆ ಮನಸ್ಸಿತ್ತು. ಮೇ ತಿಂಗಳಿನಲ್ಲಿ ಅಲ್ಲಿನ ಉಷ್ಣತೆ 40 ಡಿಗ್ರಿ ದಾಟುತ್ತದೆ, ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಒಂದೇ ಉಷ್ಣತೆಯಲ್ಲಿದ್ದರೂ ಲೋಹ ಸುಡುತ್ತದೆ, ಮರ ಅಥವಾ ಚರ್ಮ ಸುಡುವುದಿಲ್ಲ. ಕಾರಣ ಉಷ್ಣ ವಾಹಕತೆ. ನಮ್ಮ ಪಠ್ಯದ ಕೋಷ್ಟಕದಲ್ಲಿ ಅಲ್ಯೂಮಿನಿಯಂನ ಬೆಲೆ 200ಕ್ಕಿಂತ ಹೆಚ್ಚು, ಮರದ್ದು 1ಕ್ಕಿಂತ ಬಹಳ ಕಡಿಮೆ. ಲೋಹ ತನ್ನ ಒಳಗಿನ ಶಾಖವನ್ನೂ ಕ್ಷಣದಲ್ಲಿ ಅಂಗೈಗೆ ಹರಿಸುತ್ತದೆ. ಬಿಸಿಲಿಗೆ ಇಟ್ಟ ಸ್ಟೀಲ್ ಚಮಚ ಮತ್ತು ಮರದ ಸೌಟನ್ನು ಮುಟ್ಟಿ ನೋಡಿದರೆ ಇದು ತಿಳಿಯುತ್ತದೆ. ಲೆಕ್ಕ ಹೇಳಿದ ಮೇಲೆ ಮಾಮ ನಕ್ಕು ಚರ್ಮದ ನಾಬಿಗೇ ಒಪ್ಪಿದರು.

ಕೆಲಸದ ಕ್ರಮ

1. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀ ತೆಗೆಯಿರಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ.

2. ನಾಬಿನ ಕೆಳಗೆ ಲಿವರ್ ಸರಳನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ನಾಬನ್ನು ಅಪ್ರದಕ್ಷಿಣವಾಗಿ ತಿರುಗಿಸಿ. ತಿರುಚುವ ಬಲ ಗೇರ್ ಬಾಕ್ಸ್‌ನ ಕೀಲಿಗೆ ಹೋಗದಿರಲಿ ಎಂದು ಈ ಹಿಡಿತ.

3. ಬಿಗಿಯಾಗಿ ಹಿಡಿದಿದ್ದರೆ ಇಕ್ಕಳ ಬೇಡ. ಹೇರ್ ಡ್ರೈಯರ್‌ನಿಂದ ಕೆಲವು ನಿಮಿಷ ಬಿಸಿ ಮಾಡಿ, ಒರಟು ಬಟ್ಟೆ ಅಥವಾ ರಬ್ಬರ್ ಕೈಗವಸಿನಿಂದ ಪ್ರಯತ್ನಿಸಿ.

4. ನಾಬ್ ಬಂದ ಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಥ್ರೆಡ್ ಸ್ವಚ್ಛಗೊಳಿಸಿ. ಕೆಳಗಿನ ರಬ್ಬರ್ ಹೊದಿಕೆ ಹರಿದಿದೆಯೇ ನೋಡಿ. ಹರಿದಿದ್ದರೆ ಗೇರ್ ಬಾಕ್ಸ್‌ನ ಬಿಸಿ ಮತ್ತು ಸದ್ದು ಕಾರಿನೊಳಗೆ ಬರುತ್ತದೆ.

5. ಹೊಸ ನಾಬನ್ನು ಇಟ್ಟು ಮೊದಲು ಹಿಮ್ಮುಖವಾಗಿ ತಿರುಗಿಸಿ. ಥ್ರೆಡ್‌ನ ತುದಿಗಳು ಒಂದರ ಪಕ್ಕ ಒಂದು ಇಳಿದಾಗ ಸಣ್ಣ ‘ಟಿಕ್’ ಅನುಭವವಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ, ಬೆರಳ ಬಲ ಮಾತ್ರ ಸಾಕು. ಮೊದಲ ಸುತ್ತುಗಳಲ್ಲೇ ತಡೆ ಬಂದರೆ ನಿಲ್ಲಿಸಿ, ತೆಗೆದು ಮತ್ತೆ ಶುರುಮಾಡಿ.

6. ಬಿಗಿಯಾದಾಗ ನಕ್ಷೆ ಓರೆಯಾಗಿ ನಿಂತರೆ ಇನ್ನಷ್ಟು ಬಲ ಹಾಕಬೇಡಿ. ನಾಬಿನ ಕೆಳಗೆ ಒಂದು ತೆಳು ಎಂ10×1.25 ನಟ್ ಹಾಕಿ. ನಕ್ಷೆ ನೇರವಾದಾಗ ನಟ್ಟನ್ನು ಮೇಲಕ್ಕೆ ತಂದು ನಾಬಿಗೆ ಒತ್ತಿ ಬಿಗಿ ಮಾಡಿ. ಎರಡೂ ಪರಸ್ಪರ ತಳ್ಳುವುದರಿಂದ ಥ್ರೆಡ್‌ನಲ್ಲಿ ಘರ್ಷಣೆ ಹೆಚ್ಚಿ ಸಡಿಲವಾಗುವುದಿಲ್ಲ. ಅಂಟು ಹಾಕುವ ಅಗತ್ಯವೇ ಬರುವುದಿಲ್ಲ.

7. ಎಂಜಿನ್ ಆರಿರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. 1, 3, 5ರಲ್ಲಿ ಬೆರಳು ಡ್ಯಾಶ್‌ಬೋರ್ಡಿಗೆ ತಾಗಬಾರದು. ಆಮೇಲೆ ರಸ್ತೆಗೆ. ಒಂದು ವಾರದ ನಂತರ ಮತ್ತೊಮ್ಮೆ ಬಿಗಿ ನೋಡಿ.

ಹಳೆಯದನ್ನು ಎಸೆಯಬೇಡಿ

ತೆಗೆದ ನಾಬನ್ನು ನಾನು ಚೀಲದಲ್ಲಿ ಹಾಕಿ, ಮೇಲೆ ಅಳತೆ ಬರೆದು ಮಾಮನಿಗೆ ಕೊಟ್ಟೆ. ಮೂವತ್ತು ವರ್ಷದ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಮೂಲ ಭಾಗಕ್ಕೆ ಬೆಲೆ ಇದೆ. ಚರ್ಮವನ್ನು ಹೊಸದಾಗಿ ಹೊಲಿಸಬಹುದು, ಒಳಗಿನ ಥ್ರೆಡ್‌ಗೆ ಲೋಹದ ಹೊಸ ತೋಳು ಕೂರಿಸಬಹುದು. ಬಳಸಬಹುದಾದ ವಸ್ತುವನ್ನು ಎಸೆಯುವುದು ಇಸ್ರಾಫ್ ಎಂದು ಮನೆಯಲ್ಲಿ ಕೇಳುತ್ತಲೇ ಬೆಳೆದವರು ನಾವು.

ಇನ್ನೊಬ್ಬರ ವಸ್ತು ಕೈಗೆ ಬಂದಾಗ ಅದು ಅಮಾನತ್. ಅದರ ಮೇಲೆ ಕೆಲಸ ಮಾಡುವವನು ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು: ನಾನು ಮಾಡುವುದನ್ನು ನಾಳೆ ಹಿಂದಕ್ಕೆ ಮಾಡಲು ಸಾಧ್ಯವೇ? ಸರಿಯಾದ ಥ್ರೆಡ್‌ನ ನಾಬ್ ಹಾಕಿದರೆ ಸಾಧ್ಯ, ಬಲವಂತವಾಗಿ ಕೂರಿಸಿದರೆ ಸಾಧ್ಯವಿಲ್ಲ. ಬೈಕಿನ ಕನ್ನಡಿ, ಮನೆಯ ನಲ್ಲಿ, ಲ್ಯಾಬಿನ ಸ್ಟ್ಯಾಂಡ್, ಎಲ್ಲಿ ತಿರುಪು ಇದೆಯೋ ಅಲ್ಲೆಲ್ಲ ಇದೇ ನಿಯಮ.

ಕೊನೆಗೆ ಕಾರು ಓಡಿಸಲು ಕಲಿಯುತ್ತಿರುವ ಸ್ನೇಹಿತರಿಗೆ ಒಂದು ಮಾತು. ಗೇರ್ ಹಾಕಿದ ಮೇಲೆ ಕೈಯನ್ನು ನಾಬಿನ ಮೇಲೆ ಇಟ್ಟುಕೊಂಡೇ ಓಡಿಸುವ ಅಭ್ಯಾಸ ಬೇಡ. ಆ ಭಾರ ಗೇರ್ ಬಾಕ್ಸ್‌ನ ಒಳಗಿನ ಫೋರ್ಕ್‌ಗಳನ್ನು ಒತ್ತುತ್ತಾ ಸವೆಸುತ್ತದೆ. ಕೈ ಸ್ಟೀರಿಂಗಿನಲ್ಲಿರಲಿ. ನಾಬೂ ಹೆಚ್ಚು ಕಾಲ ಬಾಳುತ್ತದೆ, ನೀವೂ ಸುರಕ್ಷಿತ.