ನಿಮಗಿದು ಗೊತ್ತೆ? ವೈ-ಫೈಗೆ ಅಡ್ಡಗಾಲು ಹಾಕುವ ಹಬ್
ಯುಎಸ್‌ಬಿ ಹಬ್ ಮೂಲಕ ಹಾರ್ಡ್‌ಡಿಸ್ಕ್ ಜೋಡಿಸಿ ಫೈಲ್ ಕಾಪಿ ಮಾಡತೊಡಗಿದ ಕೂಡಲೇ ಇಂಟರ್ನೆಟ್ ಕುಂಟುತ್ತದೆಯೇ? ರೂಟರನ್ನು ಬೈಯುವ ಮೊದಲು ಹಬ್ ಕಡೆ ಒಮ್ಮೆ ನೋಡಿ.

● ಯುಎಸ್‌ಬಿ 3.0ರಲ್ಲಿ ಮಾಹಿತಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುತ್ತದೆ. ಆಗ ಕೇಬಲ್, ಕನೆಕ್ಟರ್‌ಗಳಿಂದ ಸೋರುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಆವರ್ತನವನ್ನೂ ಆವರಿಸುತ್ತದೆ. ವೈ-ಫೈ, ಬ್ಲೂಟೂತ್, ವೈರ್‌ಲೆಸ್ ಮೌಸ್‌ಗಳ ಓಡಾಟವೂ ಅಲ್ಲೇ.

● 2012ರಲ್ಲೇ ಇಂಟೆಲ್ ಇದನ್ನು ಅಳೆದು ತೋರಿಸಿತ್ತು. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಜೋಡಿಸಿದಾಗ ಗದ್ದಲ ಸುಮಾರು 20 ಡೆಸಿಬೆಲ್, ಅಂದರೆ ಹತ್ತಿರ ಹತ್ತಿರ 100 ಪಟ್ಟು ಏರಿತ್ತು.

● ಹಲವು ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಆಂಟೆನಾ ಪರದೆಯ ಅಂಚಿನಲ್ಲೋ ಮಡಚುವ ಜಾಗದಲ್ಲೋ ಅಡಗಿರುತ್ತದೆ. ಅದರ ಪಕ್ಕದಲ್ಲೇ ಹಬ್ ಇದ್ದರೆ ತೊಂದರೆ ಹೆಚ್ಚು.

● ಪರಿಹಾರ ಸುಲಭ: ರೂಟರ್‌ನ 5 ಗಿಗಾಹರ್ಟ್ಸ್ ಸಂಪರ್ಕಕ್ಕೆ ಬದಲಾಯಿಸಿ. ಹಬ್ ಮತ್ತು ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ಸ್ವಲ್ಪ ದೂರ ಸರಿಸಿ. ಲೋಹದ ಕವಚವಿರುವ ಒಳ್ಳೆಯ ಕೇಬಲ್ ಬಳಸಿ. ಮೌಸ್‌ನ ರಿಸೀವರನ್ನು ಹಬ್‌ಗೆ ಸಿಕ್ಕಿಸದೆ, ಇನ್ನೊಂದು ಬದಿಯ ಪೋರ್ಟ್‌ಗೆ ಹಾಕಿ.